ಗುಟುಕಿನ ನಂತರದ ಮಾತು

ಈ ಔಷಧಿ ಅಂಗಡಿಯಲ್ಲಿ ಒಂದು ನಿಯಮವಿದೆ. ಹೆರಾಯಿನ್ ಚಟ ಬಿಡಿಸುವ ಸಿರಪ್ಪನ್ನು ಅಂಗಡಿಯವರ ಎದುರಿಗೇ ಕುಡಿಯಬೇಕು. ಕುಡಿದ ಮೇಲೆ ಏನಾದರೂ ಮಾತಾಡಬೇಕು. ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಮಾರಬಾರದಲ್ಲ, ಅದಕ್ಕೆ.

ಆ ಒಂದು ಮಾತಿಗಾಗಿ ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತೇನೆ. ಮೊಮ್ಮಗಳು ನನ್ನೊಡನೆ ಮಾತು ಬಿಟ್ಟು ಏಳು ತಿಂಗಳಾಯಿತು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿಯಿತೆಂದು ನೋವಿನ ಮಾತ್ರೆ ನುಂಗತೊಡಗಿದಳು. ಮಾತ್ರೆ ಸಿಗದಾದಾಗ ಹೆರಾಯಿನ್ ಪುಡಿಗೆ ಹೋದಳು. ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿದರೆ ಚಟ ಬಿಟ್ಟೀತೆಂದು, ಓದಿದವಳಾಗಿಯೂ, ನಾನು ನಂಬಿದೆ. ನಾಲ್ಕು ದಿನ ಬಾಗಿಲು ಬಡಿದಳು. ಐದನೆಯ ದಿನ ಕಿಟಕಿ ಒಡೆದು ಹೋದಳು. ಈಗ ದಿನಾ ಸಿರಪ್ಪಿಗೆಂದು ಇಲ್ಲಿಗೆ ಬರುತ್ತಾಳೆ.

ಹೋದ ವರ್ಷ ಇಲ್ಲಿನ ಸಾಲಿನಲ್ಲಿ ನಾಲ್ಕೇ ಜನ ಇದ್ದರಂತೆ. ಈಗ ಹತ್ತೊಂಬತ್ತು.

"ಇನ್ನೊಂದು ಬೆಂಚು ತರಿಸ್ಬೇಕಮ್ಮಾ," ಎಂದಿದ್ದರು ಅಂಗಡಿಯವರು. "ಎಲ್ಲಾ ನಮ್ಮನಿಮ್ಮ ಮನೆ ಮಕ್ಕಳೇ."

ಉಳಿದವರಿಗೆ ಅವರು ಹೆಸರು ಹೇಳಿಸಿ ಕಳಿಸುತ್ತಾರೆ. ಮೊಮ್ಮಗಳಿಗೆ ಮಾತ್ರ, ನನಗೆ ಕೇಳಿಸಲೆಂದು, ಉದ್ದ ಉತ್ತರದ ಪ್ರಶ್ನೆ: ಎಲ್ಲಿ ಮಲಗಿದ್ದೆ, ಏನು ತಿಂದೆ.

ಮೊನ್ನೆ ಅವಳು ಬರಲಿಲ್ಲ. ನಿನ್ನೆಯೂ ಇಲ್ಲ. ಮೂರು ದಿನ ತಪ್ಪಿದರೆ ಔಷಧಿ ನಿಲ್ಲುತ್ತದೆ. ಮತ್ತೆ ಆಸ್ಪತ್ರೆ, ಮತ್ತೆ ಮೊದಲಿನಿಂದ. ಇವತ್ತು ಸಾಲು ಕರಗಿ ಹೋಯಿತು. ಹತ್ತಕ್ಕೆ ಸಿರಪ್ಪಿನ ಕಪಾಟಿಗೆ ಬೀಗ ಹಾಕಬೇಕು. ಅಂಗಡಿಯವರು ಬೀಗದ ಕೈ ಮುಟ್ಟದೆ, ಶುಭ್ರವಾಗಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಹತ್ತಕ್ಕೆ ಎರಡು ನಿಮಿಷವಿರುವಾಗ ಬಂದಳು, ಏದುಸಿರು ಬಿಡುತ್ತ. ಎರಡು ದಿನ ಎಲ್ಲಿದ್ದೆಯೆಂದು ಅವರು ಕೇಳಲಿಲ್ಲ. ಲೋಟ ಮುಂದಿಟ್ಟರು. ಕುಡಿದಳು.

"ಹೂಂ, ಮಾತಾಡು. ತಪ್ಪಿಸಿದ ದಿನಗಳದ್ದೂ ಸೇರಿಸಿ."

"ನಿಮ್ಗೆ ಬೇರೆ ಕೆಲ್ಸ ಇಲ್ವಾ?"

"ಇದು ಮೊನ್ನೇದಾಯ್ತು. ನಿನ್ನೇದು?"

ಅವಳು ನನ್ನತ್ತ ತಿರುಗಲಿಲ್ಲ. "ಅಲ್ಲಿ ಕೂತಿದಾರಲ್ಲ, ಅವ್ರಿಗೆ ಹೇಳಿ. ಬಾಗ್ಲ ಹತ್ರ ಗಾಳಿ ಬೀಸತ್ತೆ. ಮಂಡಿ ನೋವಿರೋರು ಒಳಗೆ ಕೂರ್ಬೇಕು."

"ನೀನೇ ಹೇಳಮ್ಮಾ. ನನ್ನ ಮಾತು ಅವ್ರೆಲ್ಲಿ ಕೇಳ್ತಾರೆ."

ಅವಳು ಲೋಟ ಕೆಳಗಿಟ್ಟು ಹೊರಟಳು. ಹೋಗುವಾಗ, ಯಾವಾಗಲೂ ತೆರೆದೇ ಇರುವ ಆ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿಕೊಂಡು ಹೋದಳು.

ಅವಳ ಹಿಂದೆಯೇ ಓಡಬೇಕೆನಿಸಿತು. ಓಡಲಿಲ್ಲ. ಎದ್ದು ಬೆಂಚಿನ ಒಂದು ತುದಿ ಹಿಡಿದು, "ಸ್ವಲ್ಪ ಕೈ ಜೋಡಿಸ್ತೀರಾ?" ಎಂದು ಅಂಗಡಿಯವರನ್ನು ಕೇಳಿದೆ. ಇಬ್ಬರೂ ಸೇರಿ ಅದನ್ನು ಒಳಕ್ಕೆ ಸರಿಸಿದೆವು.