ನವಲಿ ದಾರಿಯ ಟಂಟಂ

ಅಕ್ಕಿ ಮಿಲ್ಲಿಗೆ ಬಣ್ಣ ನೋಡಿ ಕಾಳು ಆರಿಸುವ ಯಂತ್ರ ಬಂತು, ಇಪ್ಪತ್ತೊಂದು ಮಂದಿ ಮನೆಗೆ ಹೋದರು. ಅವರಲ್ಲಿ ಗಾಳೇಶನೂ ಒಬ್ಬ. ಹದಿನೆಂಟು ವರ್ಷದ ದುಡಿಮೆಗೆ ಮಾಲೀಕ ಮೂರು ಲಕ್ಷ ಅರವತ್ತು ಸಾವಿರದ ಚೆಕ್ಕು ಕೊಟ್ಟು, ಕೈಮುಗಿದು ಬಾಗಿಲು ತೋರಿಸಿದ.

ಗಾಳೇಶನ ಮನೆತನದಲ್ಲಿ ಅಷ್ಟು ದುಡ್ಡನ್ನು ಒಟ್ಟಿಗೆ ಕಂಡವರೇ ಇರಲಿಲ್ಲ. ಪೋಸ್ಟಾಫೀಸಿನಲ್ಲಿ ಇಡೋಣ ಎಂದಳು ಹೆಂಡತಿ ರೂಪಾ.

"ಇಟ್ಟು? ಬಡ್ಡಿ ನೋಡಿಕೋತ ಕುಂದರೂದೇನು?" ಎಂದ ಗಾಳೇಶ.

ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಗಂಗಾವತಿಯಿಂದ ನವಲಿಗೆ ಹೋಗುವ ದಾರಿಯಲ್ಲಿ ಮೂರು ದಿನ ಚಹಾದಂಗಡಿಯ ಮುಂದೆ ಕೂತು ನೋಡಿ ಬಂದಿದ್ದ. ಬಸ್ಸಿಗೆ ಕಾಯುವ ಜನ ರಾಶಿ, ಅವರನ್ನು ಒಯ್ಯುವ ಟಂಟಂ ಆಟೋ ನಾಲ್ಕೇ ನಾಲ್ಕು. ತಾನೊಂದು ಕೊಂಡು ಓಡಿಸಿದರೆ? ಊರಿಗೆಲ್ಲ ಕಾಣದ್ದು ತನಗೊಬ್ಬನಿಗೇ ಕಂಡಿತೆಂದು ಪುಣ್ಯಾತ್ಮ ಉಬ್ಬಿಹೋದ.

"ಮಕ್ಬುಲಣ್ಣನ್ನ ಒಂದ್ ಮಾತು ಕೇಳ್ರಿ," ಎಂದಳು ರೂಪಾ. ಮಕ್ಬುಲಸಾಬ ಅದೇ ಮಿಲ್ಲಿನಲ್ಲಿ, ಅದೇ ಪಾಳಿಯಲ್ಲಿ ದುಡಿದವನು. ಹದಿನೆಂಟು ವರ್ಷ ಇಬ್ಬರೂ ಬುತ್ತಿ ಹಂಚಿಕೊಂಡು ಉಂಡಿದ್ದರು. ಈಗ ಅವನೂ ಮನೆಯಲ್ಲೇ ಇದ್ದ.

"ಹುಚ್ಚಿ ಅದೀ ಏನು? ಹೇಳಿದ್ರ ನಾಳೆ ಅವನೂ ಒಂದ್ ತಗೋತಾನ. ಬಾಯಿ ಬಿಡಬ್ಯಾಡ."

ಹೀಗೆ ಗುಟ್ಟಾಗಿ ಶೋರೂಮಿಗೆ ಹೋಗಿ ಒಂದು ಟಂಟಮ್ಮಿಗೆ ಇಪ್ಪತ್ತು ಸಾವಿರ ಮುಂಗಡ ಕೊಟ್ಟ. ಗಾಡಿ ಬೇಡವೆಂದರೆ ಅದು ವಾಪಸಿಲ್ಲ ಎಂಬ ಕಾಗದಕ್ಕೂ ಸಹಿ ಹಾಕಿದ. ಸೋಮವಾರ ಉಳಿದ ಹಣ ಕಟ್ಟಬೇಕಿತ್ತು. ಬ್ಯಾಂಕಿನಲ್ಲಿ ಸಾಲು ಉದ್ದವಿದ್ದು, ಶೋರೂಮು ಮುಟ್ಟುವಾಗ ಒಂದು ತಾಸು ತಡವಾಗಿತ್ತು.

ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಕಾಗದ ನೋಡಿ, "ನೀವೂ ಮಿಲ್ಲಿನವರ ಏನ್ರಿ? ನವಲಿ ದಾರೀಗೆ ಹೌದಲ್ರಿ?" ಎಂದಳು.

ಗಾಳೇಶ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ನಿಮಗ ಯಾರು ಹೇಳಿದ್ರು?"

"ನಿಮ್ಮ ಮಿಲ್ಲಿನವರು ಹದಿಮೂರು ಮಂದಿ ಬುಕ್ ಮಾಡ್ಯಾರ್ರಿ. ಎಲ್ಲಾರೂ ಅದ ದಾರಿ ಹೇಳ್ತಾರ. ಎಲ್ಲಾರೂ, ಯಾರಿಗೂ ಹೇಳಬ್ಯಾಡ್ರಿ ಅಂತಾರ," ಎಂದು ನಕ್ಕಳು.

ನಾಲ್ಕು ಗಾಡಿಯ ದಾರಿಗೆ ಇನ್ನೂ ಹದಿಮೂರು! ಇಡೀ ಮಿಲ್ಲೇ ಆ ಚಹಾದಂಗಡಿಯ ಮುಂದೆ ಕೂತೆದ್ದು ಬಂದಿತ್ತೇ? ಕಟ್ಟಲು ತಂದ ಹಣವನ್ನು ಹಾಗೇ ಹಿಡಿದುಕೊಂಡು ಗಾಳೇಶ ಹೊರಗೆ ಬಂದ.

ಅಂಗಳದಲ್ಲಿ ಹೊಸ ಟಂಟಮ್ಮಿಗೆ ಮಕ್ಬುಲಸಾಬ ಚೆಂಡುಹೂವಿನ ಹಾರ ಕಟ್ಟುತ್ತಿದ್ದ. ಗಾಳೇಶನನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

"ನೀನೂನ?"

"ಹೂಂ ಅಣ್ಣ. ನಾವಿಬ್ಬರ ಅಲ್ಲ, ಹದಿಮೂರು ಮಂದಿ ಅದೀವಂತ. ಎಲ್ಲಾರೂ ನವಲಿ ದಾರೀಗೆ."

ಮಕ್ಬುಲಸಾಬ ಹಾರ ಹಿಡಿದುಕೊಂಡೇ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ನೀ ರೊಕ್ಕ ಕಟ್ಟಿದಿ?"

"ಮುಂಗಡ ಅಷ್ಟ. ಅದು ಹೋದ್ರ ಹೋಗಲಿ, ಉಳಿದದ್ದು ಕಟ್ಟಂಗಿಲ್ಲ."

"ನಾ ಎಲ್ಲಾ ಕಟ್ಟಿಬಿಟ್ಟೆನಲ್ಲೋ ತಮ್ಮಾ. ಈಗರೆ ಒಂದ್ ತಾಸಾತು."

ಮಕ್ಬುಲಸಾಬ ತಲೆಯೆತ್ತಿದ. ಕಣ್ಣು ತುಂಬಿದ್ದವು.

"ಹದಿನೆಂಟು ವರ್ಷ ಕೂಡಿ ಉಂಡೀವಿ. ನನಗೊಂದ್ ಮಾತು ಹೇಳಬಾರದಾಗಿತ್ತೇನೋ?"

ಅದೇ ಮಾತು ಗಾಳೇಶನ ಬಾಯಿಯಲ್ಲೂ ಇತ್ತು. ಆದರೆ ತನ್ನ ಹಣ ಇನ್ನೂ ತನ್ನ ಬಳಿಯೇ ಇತ್ತು. ಕೇಳಲು ಬಾಯಿ ಬರಲಿಲ್ಲ.