ಗೇಟು ಹಾಕಿ ಬಂದವನು

ತರಬೇತಿ ಜೆಟ್ಟು ಪರ್ತ್ ಕಡೆಯ ನಮ್ಮ ಒಣ ಉಪ್ಪುಕೆರೆಗೆ ಬಿದ್ದು ಇನ್ನೂ ಹೊಗೆಯಾಡುತ್ತಿತ್ತು. ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ ಕ್ಯಾಲಮ್ ಎಂಬ, ಇನ್ನೂ ಕಲಿಯುತ್ತಿದ್ದ ಪೈಲಟ್, ಮುರಿದ ಕೈ ಹಿಡಿದುಕೊಂಡು ಕುರಿ ಹೊಲಗಳನ್ನು ದಾಟಿ ನಡೆದು ಬಂದು ನನ್ನ ಜಗಲಿಯ ಮೇಲೆ ಕುಸಿದ.

“ಇನ್ಮೇಲೆ ನನ್ ಕೈಗೆ ಯಾರೂ ವಿಮಾನ ಕೊಡಲ್ಲ ಅಮ್ಮಾ,” ಎಂದು ಅತ್ತ.

“ಮೊದ್ಲು ಟೀ ಕುಡಿಯಪ್ಪ.”

ಅಷ್ಟರಲ್ಲಿ ವಾಯುಪಡೆಯ ಮೂರು ಜೀಪುಗಳು ಧೂಳೆಬ್ಬಿಸುತ್ತ ಬಂದವು. ಮೀಸೆಯ ಅಧಿಕಾರಿ ಇಳಿದವನೇ ನನ್ನನ್ನು ಕೇಳಿದ: “ಇವನ ತಲೆ ನೆಟ್ಟಗಿದ್ಯಾ?”

ನನಗೆ ಮೈಯೆಲ್ಲ ಉರಿಯಿತು. “ಮುರಿದ ಕೈಯಲ್ಲೂ ನನ್ನ ಮೂರು ಗೇಟು ಹಾಕ್ಕೊಂಡು ಬಂದಿದಾನೆ. ನೀವೇನ್ ಮಾಡಿದ್ದೀರಿ, ಹಿಂದೆ ತಿರುಗಿ ನೋಡ್ರೀ!”

ಅವರು ಹಾಕದೆ ಬಂದ ಗೇಟಿನಿಂದ ನನ್ನ ಕುರಿಗಳೆಲ್ಲ ಪರ್ತ್ ಹೆದ್ದಾರಿಗೆ ಹೊರಟಿದ್ದವು. ಅಧಿಕಾರಿ ಟೋಪಿ ಹಿಡಿದುಕೊಂಡು ಓಡಿದ.

ಕ್ಯಾಲಮ್ ಕಣ್ಣೊರೆಸಿಕೊಂಡು ಎದ್ದು ನಿಂತು, ವಿಮಾನ ಹಾರಿಸಲು ಕಲಿಸುವವರ ಧಾಟಿಯಲ್ಲೇ ಕೂಗಿದ: “ಸಾರ್, ಎಡಗಡೆಯಿಂದ ಬಳಸಿ ಹೋಗಿ! ನಿಧಾನ, ಎತ್ತರ ನೋಡ್ಕೊಳ್ಳಿ!”