ಪರಸುವಿನ ರಂಪಿಗೆ ಹೇಳಿದ್ದು

ನಾನು ಒಂದು ರಂಪಿಗೆ. ಹೆಸರು ಕೇಳದವರಿಗೆ ಹೇಳುತ್ತೇನೆ: ಚಪ್ಪಲಿ ಮಾಡುವವರು ಚರ್ಮ ಕೊಯ್ಯಲು ಇಟ್ಟುಕೊಳ್ಳುವ, ಅಗಲ ಬಾಯಿಯ, ಗಿಡ್ಡ ಹಿಡಿಯ ಚೂರಿ. ಚೂರಿಗೂ ಹೆದರಿಕೆಯೇ ಎಂದು ನಗಬೇಡಿ. ಹರಿತವಾದದ್ದಕ್ಕೆಲ್ಲ ಧೈರ್ಯವಿರುತ್ತದೆ ಎಂದು ನಿಮಗೆ ಯಾರು ಹೇಳಿದರೋ ಕಾಣೆ. ನಾನಂತೂ ಹುಟ್ಟಿದ್ದೇ ಹೆದರಿಕೆಯಲ್ಲಿ.

ಅಥಣಿ ಸೀಮೆಯ ಒಂದು ಕುಲುಮೆಯಲ್ಲಿ, ಮೂಲೆಗೆ ಬಿದ್ದಿದ್ದ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರ ನನ್ನನ್ನು ಬಡಿದು ತೆಗೆದ. ಕಾಯಿಸಿದ, ಬಡಿದ, ಮತ್ತೆ ಕಾಯಿಸಿದ. ಅಬ್ಬಾ, ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಿಡಿದು ತಣ್ಣೀರಿನಲ್ಲಿ ಅದ್ದಿದ. ನಾನು ಕಿರುಚಿದ್ದು ಹೊರಗೆ ಕಟ್ಟಿದ್ದ ಎತ್ತಿಗೂ ಕೇಳಿತು. ಆಮೇಲೆ ಎಂಥ ಸಂಕಟ ಬಂದರೂ ನಾನು ದನಿ ತೆಗೆದಿಲ್ಲ.

ನನ್ನನ್ನು ಕೊಂಡವನು ತಿಪ್ಪಣ್ಣ. ಜಾಲಿ ಕಟ್ಟಿಗೆಯ ಹಿಡಿ ಹಾಕಿಸಿ, ಹದಿನೆಂಟು ವರ್ಷ ನನ್ನಿಂದ ಅಟ್ಟೆ ಕೊಯ್ದ. ಅವನದು ಸಾವಕಾಶದ ಕೈ. ಬೀಡಿ ಸೇದುವಾಗಲೂ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗ ಪರಸುವಿನ ಕೈಗೆ ಬಂದೆ. ಪರಸುವಿನ ಕೈಗೆ ಅಪ್ಪನ ಸಾವಕಾಶ ಇರಲಿಲ್ಲ, ಆದರೆ ಅಂಥ ಕೈಯನ್ನು ನಾನು ಎಲ್ಲೂ ಕಂಡಿಲ್ಲ. ಎಮ್ಮೆಯ ದಪ್ಪ ಚರ್ಮದ ಮೇಲೆ ನನ್ನನ್ನು ಊರಿದನೆಂದರೆ ಒಂದೇ ಎಳೆತಕ್ಕೆ ಇಡೀ ಪಾದ ಹೊರಬರುತ್ತಿತ್ತು. ಮೊದಲು ಅಳತೆಯ ಗೀರು ಹಾಕಿಕೊಳ್ಳುವ ಪದ್ಧತಿಯೇ ಅವನಿಗಿರಲಿಲ್ಲ.

ಅಷ್ಟರಲ್ಲಿ ಊರಿನ ಹನ್ನೆರಡು ಮನೆಯವರು ಸೇರಿ ಸಂಘ ಮಾಡಿಕೊಂಡಿದ್ದರು. ಒಂದು ಶೆಡ್ಡು, ಎಲ್ಲರಿಗೂ ಸೇರಿದ ಚರ್ಮ, ಎಲ್ಲ ಚಪ್ಪಲಿಗೂ ಒಂದೇ ಮುದ್ರೆ. ಇದನ್ನೆಲ್ಲ ಮನೆಮನೆ ತಿರುಗಿ ಕಟ್ಟಿದವಳು ಹೌಸಕ್ಕ. ಅರವತ್ತು ದಾಟಿದ ಹೆಂಗಸು, ಸಣ್ಣ ದನಿ, ಆದರೆ ಅವಳು ಕೆಮ್ಮಿದರೂ ಶೆಡ್ಡು ಸುಮ್ಮನಾಗುತ್ತಿತ್ತು. ನಿಯಮ ಮಾಡಿದವಳೂ ಅವಳೇ. ಒಬ್ಬರ ರಂಪಿಗೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕಳ್ಳತನದಲ್ಲಿ ಸಿಕ್ಕವರು ಮನೆ ಸಮೇತ ಸಂಘದಿಂದ ಹೊರಗೆ. ಹೊರಗೆ ಹೋಗುವವನ ರಂಪಿಗೆಯನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮುರಿಯಬೇಕು. ಒಮ್ಮೆ ಹಾಗೆ ಮುರಿದದ್ದನ್ನು ನಾನು ಗೂಟದಲ್ಲಿ ನೇತಾಡುತ್ತಲೇ ನೋಡಿದ್ದೆ. ಎರಡೇ ಏಟು. ಪಕ್ಕದ ಗೂಟದಲ್ಲಿ ನಾಲ್ಕು ವರ್ಷ ನನ್ನ ಜೊತೆಗಿದ್ದದ್ದು ಅದು.

ಕೆಡುಕು ಶುರುವಾದದ್ದು ಒಂದು ಹೊಗಳಿಕೆಯಿಂದ. ಪಟ್ಟಣದ ಪ್ರದರ್ಶನಕ್ಕೆ ಸಂಘದ ಚಪ್ಪಲಿ ಹೋಗಿತ್ತು. ಅಲ್ಲಿ ಒಬ್ಬ ಹೆಂಗಸು ಒಂದು ಜೋಡಿ ಎತ್ತಿ ಹಿಡಿದು, ಇದನ್ನು ಕೊಯ್ದವರು ಯಾರು ಎಂದು ಕೇಳಿದಳಂತೆ. ಹೌಸಕ್ಕ, "ಎಲ್ಲಾರೂ ಕೂಡಿ ಮಾಡೇವ್ರಿ" ಅಂದಳಂತೆ. ಪಕ್ಕದಲ್ಲೇ ನಿಂತಿದ್ದ ಪರಸುವಿಗೆ ಆ ಮಾತು ನಾಟಿತು. ಮನೆಗೆ ಬಂದು ಹೆಂಡತಿ ಶೇವಂತಳಿಗೆ ಹೇಳಿದ.

"ನನ್ನ ಕೈ ಅದು. ನನ್ನ ಹೆಸರು ಹೇಳಿದ್ರ ಹೌಸಕ್ಕನ ಗಂಟ್ಲ ಏನ್ ಹರೀತಿತ್ತಾ?"

"ಹೋಗ್ಲಿ ಬಿಡ. ತಾಟ ಹಾಕೇನಿ, ಉಣ್ಣು ಬಾ," ಅಂದಳು ಶೇವಂತ. ಅವಳೂ ಸಂಘದವಳೇ, ಚಪ್ಪಲಿಯ ಮೇಲಿನ ಚರ್ಮದ ಜಡೆ ಹೆಣೆಯುವವಳು.

ಅವನು ಬಿಡಲಿಲ್ಲ. ಮೂರು ಜೋಡಿ ಮಾಡಬೇಕು, ಒಂದೊಂದರ ಮೇಲೂ ತನ್ನ ಹೆಸರು ಕೆತ್ತಬೇಕು, ಆ ಹೆಂಗಸಿಗೆ ಒಯ್ದು ತೋರಿಸಬೇಕು. ಬೇಕಾದದ್ದು ಇಷ್ಟೇ. ಇಷ್ಟಕ್ಕೆ ಒಳ್ಳೆಯ ಚರ್ಮ ಬೇಕಲ್ಲ, ಅದು ಇದ್ದದ್ದು ಶೆಡ್ಡಿನಲ್ಲಿ.

ಆ ವಾರವೇ ಚರ್ಮ ಹಾಸಿ ಕೊಯ್ಯುವ ಕೊರಡಿನಲ್ಲಿದ್ದ ಮೊಳೆಗೆ ತಾಗಿ ನನ್ನ ಬಾಯಿ ಒಂದು ಕಡೆ ಮುಕ್ಕಾಗಿತ್ತು. ಎಳ್ಳಿನಷ್ಟು ಸಣ್ಣ ಮುಕ್ಕು. ಆದರೂ ದಪ್ಪ ಚರ್ಮ ಕೊಯ್ದರೆ ಅಂಚಿನಲ್ಲಿ ಒಂದು ಎಳೆ ಉಬ್ಬಿ ನಿಲ್ಲುತ್ತಿತ್ತು. ನಾಳೆ ಮಸೆದರಾಯಿತು, ನಾಳೆ ಮಸೆದರಾಯಿತು ಎಂದು ಪರಸು ದಿನ ತಳ್ಳಿದ.

ಊರೆಲ್ಲ ಒಂದು ಮದುವೆಯ ಊಟಕ್ಕೆ ಹೋಗಿತ್ತು. ಶೆಡ್ಡು ಕಾಯಲು ಉಳಿದವನು ಲಗಮಣ್ಣ, ಚರ್ಮ ನೆನೆಹಾಕುವ ಕೆಲಸದವನು, ಅವನದೂ ಒಂದು ರಂಪಿಗೆ ಗೂಟದಲ್ಲಿತ್ತು. ಮಾತು ಕಡಿಮೆ, ಹೆಂಡತಿ ಮಕ್ಕಳಿಲ್ಲ, ಈ ಊರಿಗೆ ಎಲ್ಲಿಂದಲೋ ಬಂದು ಸೇರಿಕೊಂಡವನು. ಮಟಮಟ ಮಧ್ಯಾಹ್ನ ಅವನು ಬೀಗ ಹಾಕದೆ ಬಾಗಿಲು ಮುಂದೆ ಮಾಡಿ, ಕೊಡ ಹಿಡಿದು ಬೋರಿಗೆ ಹೋದ. ಹೋದದ್ದೇ ತಡ, ಪರಸು ಒಳಗೆ ಬಂದ. ಗೂಟದಿಂದ ನನ್ನನ್ನು ತೆಗೆದ ಕೈ ಒದ್ದೆಯಾಗಿತ್ತು. ಸುರುಳಿ ಬಿಚ್ಚಿ, ಬೆನ್ನಿನ ಭಾಗಕ್ಕೆ ನನ್ನನ್ನು ಊರಿದ. ಹಾಡುಹಗಲು, ತಗಡಿನ ಸಂದಿಯಿಂದ ಬಿಸಿಲು, ಹೊರಗೆ ಯಾರೋ ನಡೆದ ಸದ್ದು. ನನಗೆ ಜೀವ ಬಾಯಿಗೆ ಬಂತು. ಬೇಡ ಪರಸು, ಬೇಡ ಪರಸು ಎಂದು ಒಳಗೊಳಗೇ ಅಂದೆ. ಅಂದರೇನು, ಅವನು ಎಳೆದ ಕಡೆ ಹೋದೆ. ಕೊಯ್ದದ್ದು ನಾನೇ. ಕಳ್ಳತನದಲ್ಲಿ ಅರ್ಧ ನನ್ನದು.

ಮೂರನೆಯ ದಿನ ಸುರುಳಿ ಬಿಚ್ಚಿದರು. ಬೆನ್ನೇ ಇಲ್ಲದ ಚರ್ಮ ನೆಲದ ಮೇಲೆ ಬಿದ್ದುಕೊಂಡಿತು. ಎಲ್ಲರ ಕಣ್ಣೂ ಲಗಮಣ್ಣನ ಕಡೆ ತಿರುಗಿದವು. ಅವನು ನೀರಿಗೆ ಹೋಗಿದ್ದೆ ಅಂದ. ಯಾರೂ ನಂಬಲಿಲ್ಲ. ಕಡೆಗೆ ಅವನೇ ದಾರಿ ಹುಡುಕಿದ.

"ಕೊಯ್ದ ಅಂಚ ನೋಡ್ರಿ. ಒಂದ ಎಳಿ ಎದ್ದೈತಿ. ಯಾರ ರಂಪಿಗಿಲೆ ಹಂಗ ಏಳ್ತೈತಿ ನೋಡ್ರಿ. ನಂದಾದ್ರ ನನ್ನ ಹೊರಗ ಹಾಕ್ರಿ."

ಹೌಸಕ್ಕ ಹೆಬ್ಬೆರಳಿನಿಂದ ಅಂಚು ಸವರಿದಳು. ಸವರುತ್ತ ಹೋದ ಬೆರಳು ಒಂದು ಕಡೆ ನಿಂತಿತು. ಗೀರಿಲ್ಲದ, ಒಂದೇ ಎಳೆತದ ಕೊಯ್ತ. ಅದು ಯಾರ ಕೈ ಎಂದು ತಿಳಿಯಲು ಅವಳಿಗೆ ಆ ಎಳೆಯೂ ಬೇಕಿರಲಿಲ್ಲ. ನಾಳೆ ಎಲ್ಲರ ರಂಪಿಗೆಯಿಂದಲೂ ಒಂದೊಂದು ತುಂಡು ಕೊಯ್ದು ನೋಡೋಣ, ರಂಪಿಗೆಗಳು ಇಲ್ಲೇ ಇರಲಿ ಎಂದು ಬೀಗ ಹಾಕಿ ಕೀಲಿ ಸೆರಗಿಗೆ ಕಟ್ಟಿಕೊಂಡಳು. ಪರಸುವಿನ ಮುಖ ಬೂದಿಯಾಗಿತ್ತು. ಗೂಟದ ಮೇಲೆ ನಾನು, ನನ್ನ ಬಾಯಲ್ಲಿ ಆ ಮುಕ್ಕು. ನನ್ನ ಕಣ್ಣ ಮುಂದೆ ಆ ಎರಡು ಏಟುಗಳೇ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಹೌಸಕ್ಕ. ಸೀದಾ ನನ್ನ ಗೂಟಕ್ಕೆ ಬಂದಳು. ತಾನೇ ಮಾಡಿದ ನಿಯಮ ಮುರಿದು ನನ್ನನ್ನು ಎತ್ತಿಕೊಂಡು, ಸಾಣೆಕಲ್ಲಿಗೆ ನೀರು ಚಿಮುಕಿಸಿ ಮಸೆಯತೊಡಗಿದಳು. ಅಷ್ಟರಲ್ಲಿ ಪರಸು ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕ, ಅದು ನಂದು."

"ಗೊತ್ತೈತಿ. ಬಾ, ಕೂಡು." ಅವಳು ಕೈ ನಿಲ್ಲಿಸಲಿಲ್ಲ. "ಸಿಕ್ಕವರು ಮನಿ ಸಮೇತ ಹೊರಗ ಅಂತ ನಾನ ಬರಸೀನಿ. ನೀ ಸಿಕ್ಕರ ಶೇವಂತಾನೂ ಹೊರಗ. ತಾನಾಗಿ ಬಂದು ಹೇಳಿದವ್ರಿಗೆ ಏನ್ ಮಾಡಬೇಕು ಅಂತ ನಾವು ಬರದಿಲ್ಲ. ಈಗ ನಿನ್ನ ಹಿಡದುಕೊಡೂ ಗುರುತು ಹೋತು. ಲಗಮಣ್ಣನ ಬಿಡಸೂ ಗುರುತೂ ಹೋತು. ಇನ್ನ ನಿನ್ನ ಬಾಯಿ ಒಂದ ಉಳದೈತಿ."

ಪರಸು ಅವಳ ಕಾಲ ಬಳಿ ಕುಸಿದ. ಅವಳು ನನ್ನನ್ನು ಒರೆಸಿ ಗೂಟಕ್ಕೆ ಹಾಕಿದಳು. ನನ್ನ ಬಾಯಿ ಈಗ ನುಣ್ಣಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೋದ ಜೀವ ಬಂದಂತಾಯಿತು. ಪರಸು ಬಾಯಿ ಬಿಡದಿದ್ದರೆ ಸಾಕಪ್ಪ ಎಂದು ಬೇಡಿಕೊಂಡೆ.

ಎಲ್ಲರೂ ಸೇರಿದರು. ಹನ್ನೊಂದು ರಂಪಿಗೆ, ಹನ್ನೊಂದು ತುಂಡು. ಒಂದರಲ್ಲೂ ಎಳೆ ಏಳಲಿಲ್ಲ. ಲಗಮಣ್ಣ ತುಂಡುಗಳನ್ನು ತಿರುವಿ ತಿರುವಿ ನೋಡಿದ. ಇನ್ನೊಮ್ಮೆ ನೋಡಿದ.

"ನಮ್ಮವರ ರಂಪಿಗಿ ಅಲ್ಲ ಅಂದ್ರ ಹೊರಗಿನವ ಬಂದಾನ. ಬಾಗಲಾ ತಗದಕೊಟ್ಟವ ಯಾರು? ಕೀಲಿ ಯಾರ ಕೈಯಾಗ ಇತ್ತು?" ಎಂದು ಯಾರೋ ಅಂದರು. ಅಲ್ಲಿಗೆ ಎಲ್ಲರ ದನಿಯೂ ಒಂದಾಯಿತು. ಲಗಮಣ್ಣ ಏನೋ ಹೇಳಲು ಹೋದ, ಯಾರೂ ಕಿವಿ ಕೊಡಲಿಲ್ಲ. ಸುತ್ತಿಗೆ ಬಂತು. ಅವನ ರಂಪಿಗೆಯನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟರು. ಹೌಸಕ್ಕ ಪರಸುವಿನ ಮುಖವನ್ನೇ ನೋಡುತ್ತ ಕೂತಿದ್ದಳು. ಪರಸು ನೆಲ ನೋಡುತ್ತಿದ್ದ. ಸುತ್ತಿಗೆ ಹಿಡಿದ ಮನುಷ್ಯ ಕೈಗೆ ಉಗುಳಿಕೊಂಡು, ಹಿಡಿ ಬಿಗಿ ಮಾಡಿ ಎತ್ತಿದ. ಕಲ್ಲಿನ ಮೇಲೆ ಆ ಬಡಪಾಯಿ ರಂಪಿಗೆ ಮಲಗಿತ್ತು. ಆಗ ಮೊದಲ ಸಲ ನನಗೆ ನನ್ನ ಪ್ರಾಣಕ್ಕಿಂತ ಬೇರೆಯದರ ಭಯವಾಯಿತು. ಹೇಳೋ ಪರಸು, ಹೇಳಿಬಿಡೋ ಎಂದು ಮನಸ್ಸಿನಲ್ಲೇ ಅಂದೆ.

"ನಾ ಕೊಯ್ದೇನಿ," ಅಂದ ಪರಸು.

ಸುತ್ತಿಗೆ ಏಟು ಹಾಕದೆ ಕೆಳಗಿಳಿಯಿತು. ಶೇವಂತ ಗಂಡನನ್ನು ನೋಡಿದಳು, ಮುಖಕ್ಕೆ ಸೆರಗು ಹಾಕಿಕೊಂಡಳು. ಪರಸು ಎಲ್ಲವನ್ನೂ ಹೇಳಿದ, ಪ್ರದರ್ಶನ, ಮೂರು ಜೋಡಿ, ತನ್ನ ಹೆಸರು. ಲಗಮಣ್ಣ ಮಾತ್ರ ಅವನ ಮಾತು ಕೇಳುತ್ತಲೇ ಇರಲಿಲ್ಲ. ಅವನು ನಾನು ಕೊಯ್ದ ತುಂಡನ್ನು ಹಿಡಿದು ನಿಂತಿದ್ದ.

"ಇವನ ರಂಪಿಗಿ ಅಂದ್ರ ಇದರಾಗ ಎಳಿ ಯಾಕ ಇಲ್ಲ?"

"ನಾ ಮಸದೇನಿ," ಅಂದಳು ಹೌಸಕ್ಕ. "ಅಂವ ತಾನಾಗಿ ಹೇಳ್ಲಿ ಅಂತ."

"ಹೇಳದಿದ್ರ?"

"ನೀ ಹೊಸ್ತಿಲ ದಾಟಾಕಿಂತ ಮೊದ್ಲ ನಾ ಹೇಳ್ತಿದ್ದೆ, ಲಗಮಣ್ಣ. ದೇವರಾಣಿ."

"ಅದು ನಿನಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲ."

ಹೌಸಕ್ಕ ಎದ್ದು ಸೆರಗಿನ ಕೀಲಿ ಬಿಚ್ಚಿ ಅವನ ಮುಂದಿಟ್ಟಳು. "ನ್ಯಾಯ ನೀ ಹೇಳು. ನನಗ ಆ ಯೋಗ್ಯತಿ ಉಳೀಲಿಲ್ಲ."

ಲಗಮಣ್ಣ ತೀರ್ಮಾನ ಹೇಳಿದ. ಪರಸುವೂ ಶೇವಂತಳೂ ಸಂಘದಲ್ಲೇ ಇರಲಿ. ಆ ಚರ್ಮದಲ್ಲಿ ಆಗುವ ಮೂರು ಜೋಡಿಯ ಮೇಲೆ ಸಂಘದ ಮುದ್ರೆ ಬೀಳಲಿ. ಒಂದು ವರ್ಷ ಪರಸು ರಂಪಿಗೆ ಮುಟ್ಟದೆ ತನ್ನ ಜೊತೆ ಚರ್ಮ ನೆನೆಹಾಕಲಿ. ಆಮೇಲೆ ಹೌಸಕ್ಕನ ಕಡೆ ತಿರುಗಿ, ತಗ್ಗಿದ ದನಿಯಲ್ಲೇ ಅಂದ: "ನೀ ಮಾತ್ರ ಇನ್ನ ಮುಂದ ಕುಂತು ನಮ್ಮನ್ನ ಆಳೂದು ಬ್ಯಾಡ." ಅವಳು ತಲೆಯಾಡಿಸಿ, ಹೋಗಿ ಜಡೆ ಹೆಣೆಯುವ ಹೆಂಗಸರ ಸಾಲಿನಲ್ಲಿ ಕೂತಳು.

ಅದಾಗಿ ಹನ್ನೆರಡು ವರ್ಷ. ಪರಸು ಒಂದು ವರ್ಷದ ನಂತರ ನನ್ನನ್ನು ಕೈಗೆತ್ತಿಕೊಂಡ, ಕೊಯ್ದ, ಮಸೆದ. ಮಸೆದೂ ಮಸೆದೂ ಈಗ ನಾನು ವೀಳ್ಯದೆಲೆಯ ತೊಟ್ಟಿನಷ್ಟಾಗಿದ್ದೇನೆ. ಅವನು ಹೊಸ ರಂಪಿಗೆ ತಂದುಕೊಂಡ. ನನ್ನನ್ನು ಎಸೆಯದೆ ಗೂಟದಲ್ಲೇ ಬಿಟ್ಟಿದ್ದಾನೆ. ಇಲ್ಲಿಂದ ಇಡೀ ಶೆಡ್ಡು ಕಾಣುತ್ತದೆ. ಕಳ್ಳನನ್ನು ಉಳಿಸಲು ಹೋದ ದಯೆ ಕಳ್ಳನಲ್ಲದವನ ಮೈಮೇಲೆ ನಡೆದುಹೋಯಿತಲ್ಲ ಎಂದು ನೇತಾಡುತ್ತಲೇ ಯೋಚಿಸುತ್ತೇನೆ. ಹೌಸಕ್ಕ ಮಾಡಿದ್ದು ತಪ್ಪೇ ಅಂದರೆ ಹೌದೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳಿಂದಲೇ ನಾನು ಉಳಿದೆ.

ಆದರೆ ಸಂಜೆಯಾದರೆ ನನಗೆ ಈಗಲೂ ಕೈಕಾಲು ತಣ್ಣಗಾಗುತ್ತವೆ, ಕೈಕಾಲು ಇಲ್ಲದಿದ್ದರೂ. ಕೆಲಸ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ ಲಗಮಣ್ಣ ಬಾಗಿಲ ಬಳಿ ನಿಂತು ತನ್ನ ಕೈಚೀಲದ ಬಾಯಿ ಅಗಲಿಸಿ ಎಲ್ಲರಿಗೂ ತೋರಿಸುತ್ತಾನೆ. ಯಾರೂ ಕೇಳಿಲ್ಲ. ಕೀಲಿ ಇರುವುದೂ ಅವನ ಹತ್ತಿರವೇ. "ಬ್ಯಾಡೋ ಮಾರಾಯಾ, ಬಿಡೋ" ಎಂದು ಮೊದಮೊದಲು ಅಂದರು, ಈಗ ಅನ್ನುವುದಿಲ್ಲ. ಹೌಸಕ್ಕ ತಲೆ ಬಗ್ಗಿಸಿ ಜಡೆ ಹೆಣೆಯುತ್ತಲೇ ಇರುತ್ತಾಳೆ. ಪರಸು ಮಾತ್ರ ದಿನಾ ಎದ್ದು ಬಂದು, ಆ ಚೀಲದೊಳಗೆ ಬಗ್ಗಿ ನೋಡುತ್ತಾನೆ. ಖಾಲಿ ಬುತ್ತಿ ಡಬ್ಬಿ, ಒಂದು ವಸ್ತ್ರ. "ಏನೂ ಇಲ್ಲ, ಅಣ್ಣಾ," ಅನ್ನುತ್ತಾನೆ. ಆಮೇಲೆಯೇ ಲಗಮಣ್ಣ ಮನೆಗೆ ಹೋಗುತ್ತಾನೆ.